ಬುಧವಾರದ ಸೊಪ್ಪು

ಶನಿವಾರ ಸಂಜೆ ಬಟವಾಡೆ, ಭಾನುವಾರ ರಸ್ತೆ ಬದಿಯ ಸಂತೆ. ಬೆಂಗಳೂರಿನ ಅಂಚಿನ ಸರ್ಜಾಪುರದ ಆಸುಪಾಸಿನ ತಗಡಿನ ಶೆಡ್ಡುಗಳಲ್ಲಿ ಇರುವ ಕಟ್ಟಡ ಕಾರ್ಮಿಕರ ಮನೆಗೆ ತರಕಾರಿ ಬರುವುದು ಆ ಒಂದೇ ದಿನ. ಇಡಲು ಫ್ರಿಜ್ ಇಲ್ಲ, ಮತ್ತೆ ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಮಂಗಳವಾರಕ್ಕೆ ಟೊಮೆಟೊ ಮುಗಿಯಿತೆಂದರೆ ಬುಧವಾರದಿಂದ ಅನ್ನಕ್ಕೆ ಖಾರದಪುಡಿ, ಎಣ್ಣೆ, ಹೆಚ್ಚೆಂದರೆ ಒಂದು ಈರುಳ್ಳಿ. ಹಾಗಾಗಿ ನಾವು ಕೆಲವರು ಸೇರಿ ನಡೆಸುವ 20 ಗುಂಟೆ ತೋಟದಿಂದ ಈ ಮನೆಗಳಿಗೆ ಸೊಪ್ಪು, ತರಕಾರಿ ಹಂಚುವ ದಿನ ಬುಧವಾರ ಮತ್ತು ಶುಕ್ರವಾರ. ಬಿತ್ತನೆ, ಕಟಾವು, ಆಳು, ನೀರು ಎಲ್ಲವೂ ಆ ಎರಡು ಸಂಜೆಗಳಿಂದ ಹಿಂದಕ್ಕೆ ಎಣಿಸಿ ಬಂದದ್ದು.

ಜಾಗ ನಮ್ಮದಲ್ಲ. ಬಡಾವಣೆಯ ಪಕ್ಕ ಬೀಳು ಬಿದ್ದಿದ್ದ ಅರ್ಧ ಎಕರೆ, ಅದರಲ್ಲೊಂದು ಇನ್ನೂ ಬತ್ತದ ಬೋರ್‌ವೆಲ್. ಅಲ್ಲಿ ಪಾರ್ಥೇನಿಯಂ ಬೆಳೆದು ಊರಿನ ಕಸವೆಲ್ಲ ಬಂದು ಬೀಳದಿದ್ದರೆ ಮಾಲೀಕರಿಗೆ ಸಾಕಿತ್ತು. 11 ತಿಂಗಳ ಕರಾರು ಬರೆಸಿಕೊಂಡು ಪ್ರತಿ ಸಲ ನವೀಕರಿಸುತ್ತೇವೆ. ಎಷ್ಟೇ ಸ್ನೇಹವಿದ್ದರೂ ಬಾಯಿಮಾತಿನ ಮೇಲೆ ಇಂಥದಕ್ಕೆ ಇಳಿಯಬೇಡಿ ಎನ್ನುತ್ತೇನೆ. ಯಾವತ್ತು ಮಾರಾಟವಾಗುತ್ತದೋ ಗೊತ್ತಿಲ್ಲದ ನೆಲದಲ್ಲಿ ಮಾವು, ತೆಂಗು ನೆಡುವ ಆಸೆಯೂ ಬೇಡ. ಮೂರು ತಿಂಗಳೊಳಗೆ ಕೈಗೆ ಬರುವ ಬೆಳೆ, ಬೇಲಿಗೆ ನುಗ್ಗೆ, ಅಷ್ಟೇ. ಕೆಮ್ಮಣ್ಣಿನ ಮೇಲೆ ಬಿದ್ದಿದ್ದ ಸಿಮೆಂಟು ಚೂರು, ಟೈಲ್ಸ್ ಆರಿಸಿ ತೆಗೆದು, ಏರುಮಡಿ ಕಟ್ಟಿ, ಕೊಟ್ಟಿಗೆ ಗೊಬ್ಬರ ಹಾಕಿ, ಸಗಣಿ, ಗಂಜಲ ಕೊಳೆಸಿದ ಜೀವಾಮೃತ ಬಿಟ್ಟು ಮಣ್ಣನ್ನು ಹದಕ್ಕೆ ತಂದೆವು. ಅದರ ವಿವರ ಎಲ್ಲ ಕೃಷಿ ಪತ್ರಿಕೆಗಳಲ್ಲೂ ಸಿಗುತ್ತದೆ.

ಬಿತ್ತುವ ಮುಂಚೆ ಶೆಡ್ಡಿನ ಹೆಂಗಸರ ಹತ್ತಿರ ಕೂತು ಕೇಳಿದ್ದು ಒಂದೇ: ಊರಲ್ಲಿದ್ದಾಗ ಏನು ತಿನ್ನುತ್ತಿದ್ದಿರಿ? ನಮ್ಮ ತಂಡದವರ ಪಟ್ಟಿಯಲ್ಲಿ ಬ್ರೊಕೊಲಿ, ಲೆಟ್ಯೂಸ್, ಹೂಕೋಸು ಇದ್ದವು. ಯಾದಗಿರಿ, ರಾಯಚೂರು ಕಡೆಯವರ ಬಾಯಲ್ಲಿ ಮೊದಲು ಬಂದದ್ದು ಪುಂಡಿ ಎಂಬ ಹುಳಿ ಸೊಪ್ಪು. "ಪುಂಡಿಪಲ್ಲೆ ಹಾಕ್ರಿ ಅಕ್ಕಾರ, ಉಳಿದಿದ್ದು ಏನರ ಹಾಕ್ರಿ" ಎಂದರು ಒಬ್ಬರು. ಆಮೇಲೆ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಎಳೆ ಸೌತೆ. ಇವನ್ನೆಲ್ಲ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವುದು ಅವರ ರೂಢಿ. ಸೊಪ್ಪೆಂದರೆ ಬೇಯಿಸಿ ಬಸಿದು ಮಸೆಯುವುದು ಎಂದುಕೊಂಡಿರುವ ನನ್ನಂಥ ಮೈಸೂರು ಕಡೆಯವಳಿಗೆ ಇದು ಹೊಸ ಪಾಠ. ಐದು ಕೆಜಿ ಸಿಲಿಂಡರನ್ನು ತಿಂಗಳು ಪೂರ್ತಿ ಎಳೆದಾಡಿಸುವ ಮನೆಯಲ್ಲಿ ಒಲೆ ಹಚ್ಚದೆ ತಿನ್ನುವ ಸೊಪ್ಪಿಗೆ ಎಷ್ಟು ಬೆಲೆ ಎಂದು ಆಮೇಲೆ ಅರ್ಥವಾಯಿತು. ಪಕ್ಕದ ಸಾಲಿನ ಬಂಗಾಳಿ ಕುಟುಂಬಗಳು ಬಸಳೆ ಕೇಳಿದವು. ಕರಾವಳಿಯವರಷ್ಟೇ ಪ್ರೀತಿ ಅವರಿಗೂ ಅದರ ಮೇಲೆ. ಬಸಳೆಯನ್ನು ಬೇಲಿಗೆ ಹಬ್ಬಿಸಿದೆವು, ಮಡಿಯ ಜಾಗವೂ ಉಳಿಯಿತು.

ಪುಂಡಿಗೆ ಒಂದು ಹಟವಿದೆ. ಹಗಲು ಕಿರಿದಾಗುತ್ತಿದ್ದಂತೆ ಹೂವಿಗೆ ನಿಲ್ಲುತ್ತದೆ. ಜೂನ್‌ನಲ್ಲಿ ಬಿತ್ತಿದರೆ ಅಕ್ಟೋಬರ್‌ವರೆಗೆ ತುದಿ ಚಿವುಟಿದಷ್ಟೂ ಕವಲೊಡೆದು ಚಿಗುರುತ್ತದೆ. ಅದನ್ನೇ ಸೆಪ್ಟೆಂಬರ್ ಕೊನೆಗೆ ಬಿತ್ತಿದರೆ ಸರಿಯಾಗಿ ಎಲೆ ಬಿಡುವ ಮೊದಲೇ ಮೊಗ್ಗು. ಹೀಗಾಗಿ ಮುಂಗಾರಿಗೆ ಪುಂಡಿ, ದೀಪಾವಳಿಯಿಂದ ಮೆಂತ್ಯ ಮತ್ತು ಪಾಲಕ್, ಬೇಸಿಗೆಗೆ ದಂಟು ಎಂದು ಸರದಿ ಹಾಕಿಕೊಂಡಿದ್ದೇವೆ. ಪುಂಡಿ ಬೀಜ ಅಂಗಡಿಯದಲ್ಲ, ಊರಿಗೆ ಹೋದವರು ತಂದುಕೊಟ್ಟದ್ದು. ದಂಟಿಗೆ, ಅಂದರೆ ಹರಿವೆಗೆ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಂದೆವು. ಕಿತ್ತು ಮುಗಿಸುವ ಬದಲು ಮತ್ತೆ ಮತ್ತೆ ಕೊಯ್ಯಬಹುದಾದ ತಳಿ ಅದು. ಬೆಂಡೆಗೆ ಅಲ್ಲಿಯದೇ ಅರ್ಕಾ ಅನಾಮಿಕ. ಹಳದಿ ನಂಜು ರೋಗ ತಡೆಯುತ್ತದೆ, ಔಷಧಿ ಹೊಡೆಯುವ ಕೆಲಸ ಕಡಿಮೆ. ಬದನೆ ಮಾತ್ರ ಎರಡೇ ಸಾಲು. ಕಾಯಿಕೊರಕ ಹುಳದ ಜೊತೆ ದಿನಾ ಗುದ್ದಾಡುವಷ್ಟು ಜನ ನಮ್ಮಲ್ಲಿಲ್ಲ.

ಹಂಚುವ ದಿನ ಕಾಯಿಗಳನ್ನು ಬೆಳಿಗ್ಗೆಯೇ ಕೊಯ್ದು ನೆರಳಿಗೆ ಹಾಕುತ್ತೇವೆ. ಸೊಪ್ಪಿಗೆ ಕೈ ಹಾಕುವುದು ಬಿಸಿಲು ಇಳಿದ ಮೇಲೆ. ಕೊಯ್ದ ತಕ್ಷಣ ಎರಡು ಟಬ್ಬಿನಲ್ಲಿ ಅದ್ದಿ ಮಣ್ಣು ತೊಳೆದು, ಒದ್ದೆ ಗೋಣಿಯಲ್ಲಿ ಸುತ್ತಿಡುತ್ತೇವೆ. ತೊಳೆದ ಸೊಪ್ಪು ಬೇಗ ಕೊಳೆಯುತ್ತದೆ, ಮಾರುವವರು ಹೀಗೆ ಮಾಡಬಾರದು. ಆದರೆ ಶೆಡ್ಡಿಗೆ ನೀರು ಬರುವುದು ಟ್ಯಾಂಕರಿನಲ್ಲಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಅಲ್ಲಿ ಕೊಡ ನೀರಿಗೂ ಸಾಲು ನಿಂತಿದ್ದನ್ನು ಕಂಡವರು ಮಣ್ಣು ಮೆತ್ತಿದ ಕಟ್ಟನ್ನು ಅವರ ಕೈಗೆ ಕೊಡಲಾರರು. ಹೇಗೂ ಆ ರಾತ್ರಿಯೇ ಅದು ಬೆಂದು ಮುಗಿಯುತ್ತದೆ. ಆರೂವರೆಗೆ ಮುಂಚೆ ಹೋದರೆ ಶೆಡ್ಡಿನಲ್ಲಿ ಮಕ್ಕಳು ಬಿಟ್ಟರೆ ಯಾರೂ ಇರುವುದಿಲ್ಲ. ಏಳೂವರೆಯಾದರೆ ಅಡುಗೆ ಆಗಿಬಿಟ್ಟಿರುತ್ತದೆ. ನಮಗೆ ಸಿಗುವುದು ಈ ನಡುವಿನ ಒಂದು ಗಂಟೆ.

ಚೀಲಕ್ಕೆ 10 ರೂಪಾಯಿ ತೆಗೆದುಕೊಳ್ಳುತ್ತೇವೆ, ಇಲ್ಲದವರು ಬಿಡುವಾದ ಭಾನುವಾರ ಕಳೆ ಕೀಳಲು ಬರಬಹುದು. ಇದಕ್ಕೆ ನಮ್ಮಲ್ಲೇ ಜಗಳವಾಗಿತ್ತು, ಬಡವರ ಹತ್ತಿರ ದುಡ್ಡು ಯಾಕೆ ಎಂದು. ನನ್ನ ಲೆಕ್ಕ ಬೇರೆ. ಪುಕ್ಕಟೆ ಕೊಟ್ಟದ್ದನ್ನು ಯಾರೂ ಬೈಯುವುದಿಲ್ಲ. ಹತ್ತು ರೂಪಾಯಿ ಕೊಟ್ಟವರು "ಸೊಪ್ಪು ಬಲಿತೈತಿ, ಇದೇನ್ ತಂದೀರಿ" ಎನ್ನುತ್ತಾರೆ. ಆ ಬೈಗುಳ ಇಲ್ಲದಿದ್ದರೆ ಯಾವ ಮಡಿಯನ್ನು ಯಾವಾಗ ಕೊಯ್ಯಬೇಕೆಂದು ನಮಗೆ ತಿಳಿಯುತ್ತಲೇ ಇರಲಿಲ್ಲ. ಫೋಟೊ ತೆಗೆಯುವುದನ್ನು ನಿಲ್ಲಿಸಿದ್ದೇವೆ. ಕೈಯಲ್ಲಿ ಸೊಪ್ಪಿನ ಕಟ್ಟು ಹಿಡಿಸಿ ಸಾಲಾಗಿ ನಿಲ್ಲಿಸುವ ದಾನಿಗಳಿಗೆ ದೂರದಿಂದಲೇ ನಮಸ್ಕಾರ.

ಖರ್ಚು ತೂಗಿಸುವುದು ಬಡಾವಣೆಯ 14 ಪಾಲುದಾರ ಮನೆಗಳು. ಹಾಪ್‌ಕಾಮ್ಸ್ ದರಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಋತುವಿಗೊಮ್ಮೆ ಮುಂಗಡ ಕಟ್ಟುತ್ತಾರೆ, ವಾರಕ್ಕೆರಡು ಚೀಲ ಒಯ್ಯುತ್ತಾರೆ. ತೋಟ ನೋಡಿಕೊಳ್ಳುವವರ ಸಂಬಳ, ಬೀಜ, ಗೊಬ್ಬರಕ್ಕೆ ಅದು ಸರಿಹೋಗುತ್ತದೆ. ಶೆಡ್ಡಿನ 25 ಮನೆಗಳಿಗೂ ಹೋಗುವುದು ಅದೇ ಚೀಲ, ಅದೇ ಸೊಪ್ಪು.

ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದರೆ, ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ ಒಬ್ಬರಿಗೆ 400 ಗ್ರಾಂ ತರಕಾರಿ ಹೇಳುತ್ತದೆ. ನಾಲ್ಕು ಜನರ ಮನೆಗೆ ವಾರಕ್ಕೆ 11 ಕೆಜಿ ದಾಟುತ್ತದೆ. ನಮ್ಮ ಎರಡು ಚೀಲ ಸೇರಿ ನಾಲ್ಕು ಕೆಜಿ. ರೇಷನ್ ಅಕ್ಕಿ ಈಗ ಯಾವ ಊರಿನ ಅಂಗಡಿಯಲ್ಲಾದರೂ ಬೆರಳಚ್ಚು ಕೊಟ್ಟು ತರಬಹುದು, ಆದರೆ ಅಕ್ಕಿಯೊಂದಿಗೆ ಸೊಪ್ಪು ಬರುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ಬೇಲಿಯ ನುಗ್ಗೆ ಸೊಪ್ಪನ್ನು ಚೀಲಕ್ಕೆ ಲೆಕ್ಕ ಹಿಡಿಯದೆ, ಚಿಕ್ಕ ಮಕ್ಕಳಿರುವ ಮನೆಗಳಿಗೆ ಬೇಕಾದಷ್ಟು ಬಿಟ್ಟಿರುವುದು ಇದಕ್ಕೇ.

ಕಟ್ಟಡ ಮುಗಿದರೆ ಶೆಡ್ ಕೀಳುತ್ತಾರೆ, ಪರಿಚಯವಾದ ಮನೆಗಳು ಇನ್ನೊಂದು ಸೈಟಿಗೆ ಹೋಗುತ್ತವೆ. ಹೊಸಬರ ಹೆಸರು ಸೇರಿಸುವ, ಬಿಡುವ ಕೆಲಸವನ್ನು ಶೆಡ್ಡಿನ ಇಬ್ಬರು ಹೆಂಗಸರಿಗೇ ಒಪ್ಪಿಸಿದ್ದೇವೆ. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ವಾರದಿಂದ ಕೆಲಸವಿಲ್ಲ ಎಂದು ನಮಗಿಂತ ಅವರಿಗೇ ಗೊತ್ತು. ಈ ಜೂನ್‌ಗೆ ಪುಂಡಿ ಎರಡು ಮಡಿ ಹೆಚ್ಚು ಎಂದು ಅವರೇ ತೀರ್ಮಾನಿಸಿದ್ದಾರೆ. ಅದಕ್ಕೆ ಹೂಕೋಸಿನ ಜಾಗ ಹೋಯಿತು. ಹೂಕೋಸಿನ ಪಾಲುದಾರರಿಬ್ಬರು ಇನ್ನೂ ಮುನಿಸಿನಲ್ಲಿದ್ದಾರೆ, ಮುಂಗಡ ಮಾತ್ರ ಕಟ್ಟಿದ್ದಾರೆ.