ನಗರದ ನದಿದಂಡೆಯ ಹಸಿರುಹಾದಿ: ಯೋಜನೆ ಮತ್ತು ನಿರ್ವಹಣೆ

ನಗರದೊಳಗೆ ಹರಿಯುವ ನದಿಯ ದಂಡೆಯಲ್ಲಿ ಜನ ನಡೆದಾಡಲು, ಸೈಕಲ್ ತುಳಿಯಲು, ಮರದ ನೆರಳಿನಲ್ಲಿ ಸುಮ್ಮನೆ ಕೂರಲು ಒಂದು ಹಸಿರುಹಾದಿ ಬೇಕೆಂದು ತೀರ್ಮಾನವಾದ ಕೂಡಲೇ ಎಲ್ಲಕ್ಕಿಂತ ಮೊದಲು ಸಿದ್ಧವಾಗುವುದು ಸಾಮಾನ್ಯವಾಗಿ ಒಂದು ಬಣ್ಣದ ಚಿತ್ರ. ಅದರಲ್ಲಿ ನೀರು ತಿಳಿಯಾಗಿರುತ್ತದೆ, ಮರಗಳಿಗೆ ಆಗಲೇ ಇಪ್ಪತ್ತು ವರ್ಷವಾಗಿರುತ್ತದೆ, ಬೆಂಚುಗಳ ಮೇಲೆ ಧೂಳು ಕೂಡ ಇರುವುದಿಲ್ಲ. ಈ ಕೆಲಸಕ್ಕೆ ಕೈಹಾಕುವವರು ಆ ಚಿತ್ರವನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಕಣ್ಣಮುಂದೆ ತಂದುಕೊಳ್ಳುವುದು ಒಳ್ಳೆಯದು: ನೆರೆ ಇಳಿದ ಮರುದಿನ ಬೆಳಿಗ್ಗೆ ಅದೇ ಜಾಗ ಹೇಗೆ ಕಾಣುತ್ತದೆ, ಎಷ್ಟು ಹೂಳು ಬಿದ್ದಿರುತ್ತದೆ, ಏನೇನು ಕೊಚ್ಚಿಹೋಗಿರುತ್ತದೆ, ಅದನ್ನು ಸರಿಪಡಿಸಲು ಯಾರು ಯಾವ ಸಲಕರಣೆ ಹಿಡಿದು ಯಾವ ದಾರಿಯಿಂದ ಇಳಿದು ಬರುತ್ತಾರೆ. ಹಾದಿಯ ಎತ್ತರ, ಗಿಡಗಳ ಆಯ್ಕೆ, ದೀಪದ ಕಂಬದ ಜಾಗ, ವಾರ್ಷಿಕ ಖರ್ಚಿನ ಅಂದಾಜು ಎಲ್ಲವೂ ಆ ಬೆಳಗಿನ ಲೆಕ್ಕದಿಂದಲೇ ಹೊರಡಬೇಕು.

ನದಿಯನ್ನು ಓದುವುದು

ಅಳತೆಯ ಉಪಕರಣಗಳನ್ನು ತರುವುದಕ್ಕೆ ಮೊದಲು ದಂಡೆಯುದ್ದಕ್ಕೂ ನಡೆದು ನೋಡಬೇಕು. ನೀರು ತೀರ ಇಳಿದಿರುವಾಗಲೂ ಮಳೆ ಜೋರಾಗಿರುವಾಗಲೂ, ಕನಿಷ್ಠ ಒಂದು ಇಡೀ ವರ್ಷದಲ್ಲಿ ಹಲವು ಸಲ. ಸೇತುವೆಯ ಕಂಬದ ಮೇಲೆ ಪಟ್ಟೆಪಟ್ಟೆಯಾಗಿ ಉಳಿದ ಕೆಸರಿನ ಕಲೆ, ತಲೆಗಿಂತ ಎತ್ತರದ ಕೊಂಬೆಯಲ್ಲಿ ಸಿಕ್ಕಿ ಚಿಂದಿಯಾದ ಪ್ಲಾಸ್ಟಿಕ್ ಚೀಲ, ಒಂದೇ ದಿಕ್ಕಿಗೆ ವಾಲಿ ಬೆಳೆದ ಪೊದೆ, ಬೇರು ಹೊರಬಿದ್ದು ನಿಂತ ಮರ ಇವೆಲ್ಲ ನೀರು ಎಲ್ಲಿಯವರೆಗೆ ಏರಿತ್ತು, ಯಾವ ರಭಸದಲ್ಲಿ ಹರಿಯಿತು, ಯಾವ ತಿರುವಿನಲ್ಲಿ ದಂಡೆ ಕೊರೆಯುತ್ತಿದೆ ಎಂಬುದನ್ನು ಯಾವ ನಕ್ಷೆಗಿಂತಲೂ ಪ್ರಾಮಾಣಿಕವಾಗಿ ಹೇಳುತ್ತವೆ. ಅವುಗಳ ಎತ್ತರವನ್ನು ಅಳೆದು ನಕ್ಷೆಯ ಮೇಲೆ ಗುರುತಿಸಿಕೊಂಡ ನಂತರ ಜಲವಿಜ್ಞಾನಿಗಳು ಲೆಕ್ಕಹಾಕಿದ ನೆರೆಯ ಮಟ್ಟಗಳೊಂದಿಗೆ ಹೋಲಿಸಬೇಕು.

ಇಲ್ಲಿ ಒಂದು ಪದ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ‘ನೂರು ವರ್ಷದ ನೆರೆ’ ಎಂದರೆ ನೂರು ವರ್ಷಕ್ಕೊಮ್ಮೆ ಬಂದು ಹೋಗುವ ನೆರೆಯಲ್ಲ. ಯಾವುದೇ ಒಂದು ವರ್ಷದಲ್ಲಿ ಬರುವ ಸಾಧ್ಯತೆ ಶೇ 1ರಷ್ಟಿರುವ ನೆರೆ. ಮೂವತ್ತು ವರ್ಷ ಬಾಳಬೇಕಾದ ಒಂದು ಕಟ್ಟಡದ ಆಯುಸ್ಸಿನಲ್ಲಿ ಅದು ಒಮ್ಮೆಯಾದರೂ ಬರುವ ಸಾಧ್ಯತೆ ಶೇ 26ರಷ್ಟಾಗುತ್ತದೆ. ಇನ್ನೊಂದು ತುದಿಯಲ್ಲಿ, ತಾನಾಗಿ ರೂಪುಗೊಂಡ ನದಿಯೊಂದು ತನ್ನ ದಂಡೆಯ ಅಂಚಿನವರೆಗೆ ತುಂಬುವುದು ಸರಾಸರಿ ಒಂದೂವರೆ ಎರಡು ವರ್ಷಕ್ಕೊಮ್ಮೆ. ಸುತ್ತಲೂ ಡಾಂಬರು ಮತ್ತು ಕಾಂಕ್ರೀಟು ಹರಡಿದ ನಗರದಲ್ಲಿ ಮಳೆನೀರು ನೆಲಕ್ಕಿಳಿಯದೆ ನೇರವಾಗಿ ಹೊಳೆಗೆ ನುಗ್ಗುವುದರಿಂದ ಅದು ಇನ್ನೂ ಬೇಗ, ಇನ್ನೂ ಹೆಚ್ಚು ಸಲ ಆಗುತ್ತದೆ. ಆದ್ದರಿಂದ ಜಾಗವನ್ನು ಮೂರು ಮಟ್ಟಗಳಾಗಿ ವಿಂಗಡಿಸಿಕೊಳ್ಳುವುದು ವಾಸಿ. ವರ್ಷಕ್ಕೆ ಹಲವು ಸಲ ಮುಳುಗುವ ಕೆಳಮಟ್ಟದಲ್ಲಿ ನೀರಿಗೆ ಒಗ್ಗಿದ ಗಿಡ, ಕಲ್ಲು, ಬಹಳವೆಂದರೆ ಕಾಲುದಾರಿ. ಹತ್ತು ವರ್ಷಕ್ಕೊಮ್ಮೆ ಮುಳುಗಬಹುದಾದ ನಡುಮಟ್ಟದಲ್ಲಿ ಮುಖ್ಯ ಹಾದಿ, ಬೆಂಚು, ಆಟದ ಬಯಲು. ಶೌಚಾಲಯ, ವಿದ್ಯುತ್ ಫಲಕ, ಉಪಕರಣಗಳ ಕೊಠಡಿ ಇವು ಮಾತ್ರ ನೂರು ವರ್ಷದ ನೆರೆಯ ಗೆರೆಗಿಂತ ಮೇಲೆ.

ನೀರಿನ ಅಂಚಿನಲ್ಲೇ ಅಂಗಡಿಸಾಲು ಇಡಬೇಕೆಂಬ ಒತ್ತಡ ಬಂದೇ ಬರುತ್ತದೆ, ಮತ್ತು ಆಗ ಅಮೆರಿಕದ ಸ್ಯಾನ್ ಆಂಟೋನಿಯೊ ನಗರದ ರಿವರ್ ವಾಕ್‌ನ ಉದಾಹರಣೆಯೂ ಬರುತ್ತದೆ. ಅಲ್ಲಿ ಅದು ಸಾಧ್ಯವಾದ ಕಾರಣವನ್ನು ಮಾತ್ರ ಯಾರೂ ಹೇಳುವುದಿಲ್ಲ. 1921ರ ಭೀಕರ ನೆರೆಯ ಬಳಿಕ, ಈಗ ರಿವರ್ ವಾಕ್ ಇರುವ ನದಿಯ ತಿರುವನ್ನು ಮುಖ್ಯ ಹರಿವಿನಿಂದ ಬೇರ್ಪಡಿಸುವ ಅಡ್ಡಕಾಲುವೆಯನ್ನು ತೋಡಿ, ನೀರು ಏರಿದಾಗ ಮುಚ್ಚಲು ಬಾಗಿಲುಗಳನ್ನು ಕೂರಿಸಲಾಯಿತು; ಮುಂದೆ 1990ರ ದಶಕದಲ್ಲಿ ನಗರದ ಅಡಿಯಲ್ಲಿ ನೆರೆನೀರಿನ ಸುರಂಗವೂ ಸೇರಿತು. ಬಾಗಿಲೂ ಸುರಂಗವೂ ಇಲ್ಲದೆ ಅಂಗಡಿಸಾಲನ್ನಷ್ಟೇ ನಕಲು ಮಾಡಿದರೆ ಪ್ರತಿ ಮಳೆಗಾಲದಲ್ಲೂ ಪರಿಹಾರದ ಅರ್ಜಿಗಳನ್ನು ಓದುತ್ತ ಕೂರಬೇಕಾಗುತ್ತದೆ.

ನೆಲದ ಒಡೆತನ, ನೆಲದಡಿಯ ಕೊಳವೆ, ನೆಲದ ಮೇಲಿನ ಜನ

ನದಿದಂಡೆ ನೋಡಲು ಒಂದೇ ಪಟ್ಟಿಯಂತಿದ್ದರೂ ಕಾಗದದಲ್ಲಿ ಅದು ಹತ್ತಾರು ತುಂಡು. ಯಾವ ತುಂಡು ಯಾವ ಇಲಾಖೆಯದು, ಯಾವುದು ಖಾಸಗಿ, ಎಲ್ಲಿ ಒತ್ತುವರಿಯಾಗಿದೆ ಎಂಬ ಪಟ್ಟಿ ಸಿದ್ಧವಾಗುವವರೆಗೆ ಹಾದಿಯ ಗೆರೆ ಎಳೆಯಬಾರದು. ಒಳಚರಂಡಿಯ ದೊಡ್ಡ ಕೊಳವೆಗಳು ಇಳಿಜಾರನ್ನು ಹಿಡಿದು ಸಾಗುವುದರಿಂದ ಅವು ಬಹುತೇಕ ನಗರಗಳಲ್ಲಿ ನದಿಯ ಮಗ್ಗುಲಲ್ಲೇ ಇರುತ್ತವೆ. ಇದನ್ನು ತೊಡಕೆಂದು ಭಾವಿಸುವ ಬದಲು ಲಾಭವಾಗಿ ಮಾಡಿಕೊಳ್ಳಬಹುದು: ಮ್ಯಾನ್‌ಹೋಲ್ ತೆರೆಯಲು ವಾಹನ ಬರಬೇಕಾದ ದಾರಿಯೂ ಜನರ ಹಾದಿಯೂ ಒಂದೇ ಆದರೆ ಹಾದಿಯ ಬುನಾದಿಗೆ ತಗಲುವ ಖರ್ಚನ್ನು ಎರಡು ಇಲಾಖೆಗಳು ಹಂಚಿಕೊಳ್ಳಬಹುದು, ಮತ್ತು ಆ ಹಾದಿಯನ್ನು ಸುಸ್ಥಿತಿಯಲ್ಲಿಡಲು ಇಬ್ಬರಿಗೂ ಕಾರಣವಿರುತ್ತದೆ.

ದಂಡೆಯನ್ನು ಈಗಾಗಲೇ ಬಳಸುತ್ತಿರುವವರನ್ನು ಗುರುತಿಸುವುದು ಇದಕ್ಕಿಂತ ಕಷ್ಟದ ಕೆಲಸ, ಏಕೆಂದರೆ ಅವರು ಸಭೆಗೆ ಬರುವುದಿಲ್ಲ. ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ದನ ಮೇಯಿಸುವವರು, ಸಂಜೆ ಅಡ್ಡದಾರಿಯಾಗಿ ದಾಟಿ ಮನೆಗೆ ಹೋಗುವವರು, ಅಲ್ಲೇ ಗುಡಿಸಲು ಹಾಕಿಕೊಂಡಿರುವವರು ಇವರೊಡನೆ ಅವರಿರುವ ಜಾಗದಲ್ಲೇ ನಿಂತು ಮಾತನಾಡಬೇಕು. ಹುಲ್ಲಿನ ನಡುವೆ ಸವೆದ ಕಾಲುದಾರಿ ಇದ್ದಲ್ಲಿ ಮುಂದೆಯೂ ಜನ ಅಲ್ಲೇ ನಡೆಯುತ್ತಾರೆ; ಅದಕ್ಕೆ ಅಡ್ಡವಾಗಿ ಬೇಲಿ ಹಾಕಿದರೆ ಮುರಿಯುವುದು ಬೇಲಿಯೇ. ಹಸಿರುಹಾದಿ ಬಂದ ಮೇಲೆ ಸುತ್ತಲಿನ ಬಾಡಿಗೆ ಏರಿ ಹಳಬರು ಜಾಗ ಬಿಡಬೇಕಾಗುವುದು ಹಲವು ನಗರಗಳಲ್ಲಿ ಕಂಡಿರುವ ಸಂಗತಿ, ಆದ್ದರಿಂದ ಅವರ ವಸತಿಯ ಭದ್ರತೆಯ ಪ್ರಶ್ನೆಗೆ ಉತ್ತರ ಯೋಜನೆಯ ಮೊದಲ ಹಂತದಲ್ಲೇ ಲಿಖಿತವಾಗಿ ಇರಬೇಕು.

ಕೊಳಚೆ ಮೊದಲು, ಅಂದ ಆಮೇಲೆ

ನದಿಗೆ ಸೇರುವ ಪ್ರತಿಯೊಂದು ಚರಂಡಿ ಬಾಯಿಯನ್ನೂ ಎಣಿಸಿ, ಮಳೆಯಿಲ್ಲದ ದಿನ ಯಾವುದರಲ್ಲಿ ನೀರು ಹರಿಯುತ್ತಿದೆ ಎಂದು ಬರೆದಿಟ್ಟುಕೊಳ್ಳಬೇಕು. ಒಣ ದಿನದಲ್ಲಿ ಹರಿಯುತ್ತಿದ್ದರೆ ಅದು ಬಹುಮಟ್ಟಿಗೆ ಕೊಳಚೆಯೇ. ಅದನ್ನು ಮೂಲದಲ್ಲಿ ತಡೆದು ಶುದ್ಧೀಕರಣ ಘಟಕದತ್ತ ತಿರುಗಿಸದೆ ದಂಡೆಯ ಮೇಲೆ ಹೂಗಿಡ ನೆಡುವುದರಲ್ಲಿ ಅರ್ಥವಿಲ್ಲ. ಅಮೆರಿಕದ ಉದ್ಯಾನ ವಿನ್ಯಾಸಕ ಫ್ರೆಡ್ರಿಕ್ ಲಾ ಓಮ್‌ಸ್ಟೆಡ್ 19ನೇ ಶತಮಾನದ ಕೊನೆಯಲ್ಲಿ ಬಾಸ್ಟನ್‌ನ ಬ್ಯಾಕ್ ಬೇ ಫೆನ್ಸ್ ಉದ್ಯಾನವನ್ನು ರೂಪಿಸಿದಾಗ ಎದುರಿಗಿದ್ದ ಮುಖ್ಯ ಸಮಸ್ಯೆ ನಾರುತ್ತಿದ್ದ ಜೌಗು ಮತ್ತು ನೆರೆ. ಉದ್ಯಾನ ಹುಟ್ಟಿದ್ದು ಆ ನೈರ್ಮಲ್ಯದ ಕೆಲಸದಿಂದ.

ಹರಿವೇ ಇಲ್ಲದ ನದಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಕಂಬಗಳ ಮೇಲಿನ ಹೆದ್ದಾರಿಯೊಂದನ್ನು 2003ರಿಂದ ಕೆಡವಿ, 2005ರಲ್ಲಿ ತೆರೆದ 5.8 ಕಿಲೋಮೀಟರ್ ಉದ್ದದ ಚಿಯಾಂಗ್‌ಗೆಚಿಯಾನ್ ತೊರೆಯನ್ನು ಎಲ್ಲರೂ ಮೆಚ್ಚುತ್ತಾರೆ, ನಾನೂ ಮೆಚ್ಚುತ್ತೇನೆ. ಆದರೆ ಅದರಲ್ಲಿ ಹರಿಯುವ ನೀರಿನ ಬಹುಭಾಗವನ್ನು ಹಾನ್ ನದಿಯಿಂದ ಪಂಪ್ ಮಾಡಿ ತರಲಾಗುತ್ತದೆ. ಪಂಪಿನ ವಿದ್ಯುತ್ ಬಿಲ್ಲಿಗೆ ಕೊನೆಯ ದಿನಾಂಕವಿಲ್ಲ. ಶುದ್ಧೀಕರಿಸಿದ ನೀರನ್ನು ಮೇಲ್ಭಾಗದಲ್ಲೇ ನದಿಗೆ ಬಿಡುವ ವ್ಯವಸ್ಥೆ ಸಾಧ್ಯವಿದ್ದರೆ ಅದನ್ನೇ ಮೊದಲು ಪರಿಶೀಲಿಸಬೇಕು.

ದಂಡೆಯ ಇಳಿಜಾರು ಮತ್ತು ಗಿಡಗಳು

ನೇರ ನಿಂತ ಕಾಂಕ್ರೀಟ್ ಗೋಡೆ ನೀರಿನ ವೇಗವನ್ನು ಹೆಚ್ಚಿಸಿ ತೊಂದರೆಯನ್ನು ಕೆಳಗಿನವರಿಗೆ ದಾಟಿಸುತ್ತದೆ. ಜಾಗವಿರುವ ಕಡೆಯಲ್ಲೆಲ್ಲ ಗೋಡೆ ತೆಗೆದು, ಒಂದಡಿ ಏರಿಕೆಗೆ ಮೂರಡಿ ಅಗಲದಷ್ಟು ಹಗುರವಾದ ಇಳಿಜಾರನ್ನು ಕೊಡುವುದು ಉತ್ತಮ. ಮ್ಯೂನಿಕ್ ನಗರ 2000ದಿಂದ 2011ರವರೆಗೆ ಇಸಾರ್ ನದಿಯ 8 ಕಿಲೋಮೀಟರ್ ಭಾಗದಲ್ಲಿ ಮಾಡಿದ್ದು ಇದನ್ನೇ: ನದಿಪಾತ್ರವನ್ನು ಅಗಲಿಸಿ, ಗಟ್ಟಿ ಅಂಚುಗಳನ್ನು ಕಿತ್ತು, ನದಿ ತಾನೇ ಜಲ್ಲಿಯ ದಿಬ್ಬಗಳನ್ನು ಕಟ್ಟಿಕೊಳ್ಳಲು ಬಿಟ್ಟಿತು. ಸಿಂಗಪುರದ ಬಿಶಾನ್ ಉದ್ಯಾನದಲ್ಲಿ 2.7 ಕಿಲೋಮೀಟರ್ ಉದ್ದದ ನೆಟ್ಟಗಿನ ಕಾಂಕ್ರೀಟ್ ಕಾಲುವೆ 2012ರ ವೇಳೆಗೆ ಸುಮಾರು 3 ಕಿಲೋಮೀಟರ್ ಉದ್ದದ ಬಳುಕುವ ಹೊಳೆಯಾಯಿತು. ಅಲ್ಲಿ ನಾನು ಹೆಚ್ಚು ಮೆಚ್ಚುವುದು ಸಿದ್ಧತೆಯ ಹಂತವನ್ನು: ಗಿಡಗಳಿಂದ ದಂಡೆ ಹಿಡಿದಿಡುವ ಹಲವು ವಿಧಾನಗಳನ್ನು ಮೊದಲು ಒಂದು ಚಿಕ್ಕ ತುಂಡಿನಲ್ಲಿ ಪರೀಕ್ಷಿಸಿ, ನಿಂತವನ್ನಷ್ಟೇ ದೊಡ್ಡ ಕೆಲಸಕ್ಕೆ ಆರಿಸಿದರು.

ಯಾವ ಗಿಡ ಎಂಬ ಪ್ರಶ್ನೆಗೆ ಉತ್ತರ ನರ್ಸರಿಯ ಪಟ್ಟಿಯಲ್ಲಿಲ್ಲ. ಅದೇ ನದಿಯ ಮೇಲ್ಭಾಗದಲ್ಲಿ, ಇನ್ನೂ ನಗರ ಮುಟ್ಟದ ಕಡೆ, ನೀರಿನಂಚಿನಿಂದ ಎಷ್ಟೆಷ್ಟು ಎತ್ತರದಲ್ಲಿ ಏನೇನು ತಾನಾಗಿ ಬೆಳೆದಿದೆ ಎಂದು ನೋಡಿ ಅದೇ ಕ್ರಮದಲ್ಲಿ ನೆಡಬೇಕು. ಬಾಗಿ ನೀರಿಗೆ ದಾರಿಬಿಡುವ ಹುಲ್ಲು ಮತ್ತು ಪೊದೆಗಳು ಕೆಳಗೆ, ದಪ್ಪ ಕಾಂಡದ ಮರಗಳು ಮೇಲೆ. ಕೊಂಬೆಯಿಂದಲೇ ಚಿಗುರುವ ಜಾತಿಗಳಲ್ಲಿ ಹೆಬ್ಬೆರಳು ದಪ್ಪದ, ಎರಡು ಮೂರು ಅಡಿ ಉದ್ದದ ಗೂಟಗಳನ್ನು ಕಡಿದು, ಒಣಗಲು ಬಿಡದೆ, ಮೊಗ್ಗಿನ ತುದಿ ಮೇಲಾಗಿ, ಮೂರರಲ್ಲಿ ಎರಡು ಪಾಲು ಮಣ್ಣಿನಲ್ಲಿ ಹುದುಗುವಂತೆ ಹೊಡೆಯುವುದು ಅಗ್ಗದ ಮತ್ತು ನಂಬಬಹುದಾದ ವಿಧಾನ. ತಲೆಕೆಳಗಾಗಿ ಹೊಡೆದ ಗೂಟ ಬೇರು ಬಿಡುವುದಿಲ್ಲ. ಕಡಿದ ಕೂಡಲೇ ಕೆಳತುದಿಯನ್ನು ಚೂಪು ಮಾಡಿಟ್ಟರೆ ಈ ತಪ್ಪು ಆಗದು. ಬೇರು ಹಿಡಿಯುವವರೆಗೆ ಮಣ್ಣನ್ನು ತೆಂಗಿನ ನಾರಿನ ಚಾಪೆ ಕಾಯುತ್ತದೆ, ಕೆಲವು ವರ್ಷಗಳಲ್ಲಿ ಅದು ತಾನೇ ಕೊಳೆತು ಮಣ್ಣಾಗುತ್ತದೆ. ನೆಡುವ ಕೆಲಸದ ಗುತ್ತಿಗೆಯಲ್ಲಿ ಮೂರು ವರ್ಷದ ನೀರು, ಕಳೆ, ಮರುನೆಡುವಿಕೆ ಸೇರಿರದಿದ್ದರೆ ಆ ಗುತ್ತಿಗೆಗೆ ಸಹಿ ಹಾಕಬಾರದು.

ಹಾದಿ

ನಡೆಯುವವರೂ ಸೈಕಲ್ ಸವಾರರೂ ಒಟ್ಟಿಗೆ ಬಳಸುವ ಹಾದಿಗೆ 3 ಮೀಟರ್ ಅಗಲ ಕನಿಷ್ಠ. ದಟ್ಟಣೆಯ ಕಡೆ 4 ಮೀಟರ್ ಅಥವಾ ಎರಡು ಪ್ರತ್ಯೇಕ ಹಾದಿಗಳು. ಗಾಲಿಕುರ್ಚಿಗೆ ಒದಗುವಂತೆ ಏರು 20ಕ್ಕೆ 1ನ್ನು ಮೀರದಿರಲಿ, ಮಳೆನೀರು ನಿಲ್ಲದಂತೆ ಅಡ್ಡಕ್ಕೆ ಶೇ 2ರಷ್ಟು ವಾಟವಿರಲಿ. ಮೇಲ್ಮೈ ಯಾವುದಾಗಬೇಕೆಂಬುದನ್ನು ನೆರೆಯ ಮಟ್ಟವೇ ನಿರ್ಧರಿಸುತ್ತದೆ. ಜಲ್ಲಿ ಹಾದಿ ಮೇಲ್ಮಟ್ಟದಲ್ಲಿ ಹಿತಕರ, ಮುಳುಗುವ ಕಡೆ ಒಂದೇ ನೆರೆಗೆ ಮಾಯ. ಸೇತುವೆಯ ಕೆಳಗೆ ನುಸುಳುವ ತಗ್ಗಿನಲ್ಲಿ ಗಟ್ಟಿ ಕಾಂಕ್ರೀಟ್ ಹಾಕಿ, ಒಂದು ಬದಿಯಿಂದ ಹೂಳನ್ನು ಎಳೆದು ತೆಗೆಯಲು ಸಣ್ಣ ವಾಹನ ಇಳಿಯುವಂತೆ ಮಾಡಿ, ಹತ್ತಿರದಲ್ಲೇ ನೀರಿನ ನಲ್ಲಿಯೊಂದನ್ನು ಇಡಬೇಕು. ಮುಚ್ಚಿದ ದಿನಗಳಿಗಾಗಿ ಮೇಲಿನ ರಸ್ತೆಯನ್ನು ಸುರಕ್ಷಿತವಾಗಿ ದಾಟುವ ಬದಲಿ ದಾರಿಯೂ ಇರಬೇಕು. ಹರಿವಿಗೆ ಅಡ್ಡವಾಗಿ ನಿಂತ ಕಂಬಿಬೇಲಿ ಕಸಕಡ್ಡಿ ಹಿಡಿದು ಅಣೆಕಟ್ಟಿನಂತಾಗುತ್ತದೆ, ಆದ್ದರಿಂದ ಅಂಥ ಕಡೆ ಕಳಚಿಡಬಹುದಾದ ಬೇಲಿಯೇ ಸರಿ.

ದೀಪಗಳು ಹಾದಿಯನ್ನು ಬೆಳಗಲಿ, ನೀರನ್ನಲ್ಲ. ಬೆಳಕಿನ ಬಣ್ಣದ ಅಳತೆಯಲ್ಲಿ 3000 ಕೆಲ್ವಿನ್‌ಗಿಂತ ಕಡಿಮೆಯ ಹಳದಿ ಬೆಳಕು, ಕೆಳಮುಖವಾದ ಮರೆ, ನದಿಯ ಬದಿಗೆ ಕತ್ತಲೆ. ಬಾವಲಿ ಮತ್ತು ಕೀಟಗಳಿಗೆ ಆ ಕತ್ತಲೆ ಬೇಕು. ನೂರು ಮೀಟರಿಗೊಂದು ಸಂಖ್ಯೆಯುಳ್ಳ ಗುರುತುಕಂಬ ಇದ್ದರೆ ಅಪಾಯದಲ್ಲಿರುವವರು ತಾವೆಲ್ಲಿದ್ದೇವೆಂದು ಫೋನಿನಲ್ಲಿ ಹೇಳಬಹುದು. ಮೇಲ್ಭಾಗದ ಮಳೆಯಿಂದ ನೀರು ಏಕಾಏಕಿ ಏರುವ ನದಿಗಳಲ್ಲಿ ಮಟ್ಟಮಾಪಕಕ್ಕೆ ಜೋಡಿಸಿದ ಸೈರನ್ ಮತ್ತು ಮಿನುಗುದೀಪ ಅನಿವಾರ್ಯ.

ನಿರ್ವಹಣೆ

ದಿನನಿತ್ಯದ ಕೆಲಸ ಸರಳವಾದದ್ದು: ಕಸ ತೆಗೆಯುವುದು, ಹಾದಿಯ ಎರಡೂ ಬದಿ ಒಂದೊಂದು ಮೀಟರ್ ಹುಲ್ಲು ಕತ್ತರಿಸಿ ಉಳಿದದ್ದನ್ನು ಬೆಳೆಯಲು ಬಿಡುವುದು, ಹಕ್ಕಿಗಳು ಗೂಡು ಕಟ್ಟದ ಕಾಲದಲ್ಲಿ ಕೊಂಬೆ ಸವರುವುದು, ಹೊರಗಿನಿಂದ ಬಂದು ಹಬ್ಬುವ ಕಳೆಯನ್ನು ಬೀಜ ಕಟ್ಟುವ ಮೊದಲೇ ಕೀಳುವುದು. ಎಲ್ಲವನ್ನೂ ಒಂದೇ ಎತ್ತರಕ್ಕೆ ಬೋಳಿಸುವುದು ನಿರ್ವಹಣೆಯಲ್ಲ. ಆದರೆ ಕತ್ತರಿಸದೆ ಬಿಟ್ಟ ಹುಲ್ಲನ್ನು ಜನ ಸೋಮಾರಿತನವೆಂದು ತಿಳಿಯುವುದರಿಂದ ಅಂಚನ್ನು ಮಾತ್ರ ಓರಣವಾಗಿಡಬೇಕು.

ನೆರೆಯ ನಂತರದ ಕ್ರಮವನ್ನು ಮಾತ್ರ ಮೊದಲೇ ಬರೆದಿಟ್ಟು, ಯಾರಿಗೆ ಯಾವ ಭಾಗ ಎಂದು ಹಂಚಿರಬೇಕು. ನೀರು ಇಳಿದ ಕೂಡಲೇ ಹಾದಿ ತೆರೆಯಬಾರದು. ನೀರು ಕುಡಿದು ಭಾರವಾದ ದಂಡೆಗೆ ಅಲ್ಲಿಯವರೆಗೆ ನದಿಯ ನೀರೇ ಒತ್ತಾಸೆಯಾಗಿರುತ್ತದೆ. ಅದು ಬೇಗ ಇಳಿದಾಗ ಒತ್ತಾಸೆ ತಪ್ಪಿ ದಂಡೆ ಕುಸಿಯುವುದು ಹೆಚ್ಚಾಗಿ ಆ ಹೊತ್ತಿನಲ್ಲಿಯೇ. ಹಾದಿಗೆ ಸಮಾನಾಂತರವಾಗಿ, ಕೂದಲೆಳೆಯಷ್ಟೇ ಆದರೂ, ಬಿರುಕು ಕಂಡರೆ ಆ ಭಾಗವನ್ನು ಮುಚ್ಚಿ ಎಂಜಿನಿಯರನ್ನು ಕರೆಸಬೇಕು. ದಂಡೆಯ ಬುಡದಲ್ಲಿ ಕಲ್ಲು ಜಾರಿದೆಯೇ, ಚರಂಡಿಯ ಬಾಯಿ ಕಟ್ಟಿದೆಯೇ, ಮ್ಯಾನ್‌ಹೋಲ್ ಮುಚ್ಚಳ ಇದ್ದಲ್ಲೇ ಇದೆಯೇ ಎಂಬುದನ್ನು ಕೋಲಿನಿಂದ ತಡವಿ ನೋಡುತ್ತಲೇ ಮುಂದಡಿ ಇಡಬೇಕು, ಏಕೆಂದರೆ ಹೂಳಿನ ಕೆಳಗೆ ತೆರೆದ ಗುಂಡಿ ಕಾಣುವುದಿಲ್ಲ.

ಹೂಳನ್ನು ಹಸಿಯಿರುವಾಗಲೇ ತೆಗೆಯಬೇಕು. ಮೊದಲ ದಿನ ರಬ್ಬರ್ ಪಟ್ಟಿಯಿಂದ ತಳ್ಳಿ, ಪೈಪಿನ ನೀರಿನಿಂದ ತೊಳೆದರೆ ಹೋಗುವ ಕೆಸರು ನಾಲ್ಕು ಬಿಸಿಲು ಕಂಡ ಮೇಲೆ ಗುದ್ದಲಿಗೂ ಬಗ್ಗುವುದಿಲ್ಲ. ತೆಗೆದದ್ದನ್ನು ಮರಳಿ ನದಿಗೆ ತಳ್ಳಬಾರದು. ನಗರದ ಹೂಳಿನಲ್ಲಿ ಭಾರಲೋಹಗಳಿರಬಹುದಾದ್ದರಿಂದ ಪರೀಕ್ಷಿಸದೆ ಗಿಡಗಳ ಬುಡಕ್ಕೂ ಹಾಕಬಾರದು. ಬಿದ್ದ ಮರ ಸೇತುವೆಯ ಕಂಬಕ್ಕೆ ಅಡ್ಡವಾಗಿದ್ದರೆ ತೆಗೆಯಬೇಕು. ದಂಡೆಯ ಮಗ್ಗುಲಲ್ಲಿ ನೆಲೆ ನಿಂತಿದ್ದರೆ ಮೀನುಗಳಿಗಾಗಿ ಅಲ್ಲೇ ಬಿಡಬಹುದು.

ಈ ಎಲ್ಲ ಕೆಲಸಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬುದು ಉದ್ಘಾಟನೆಗೆ ಮುಂಚೆಯೇ ಇತ್ಯರ್ಥವಾಗಿರಬೇಕು. ಕಟ್ಟುವುದಕ್ಕೆ ಅನುದಾನ ಸುಲಭವಾಗಿ ಸಿಗುತ್ತದೆ, ಗುಡಿಸುವುದಕ್ಕೆ ಯಾರೂ ಕೊಡುವುದಿಲ್ಲ. ವಾರ್ಷಿಕ ನಿರ್ವಹಣೆಯ ಮೊತ್ತ ಮತ್ತು ನೆರೆಯ ವರ್ಷಕ್ಕಾಗಿ ಮುಟ್ಟದೆ ಇಡುವ ಮೀಸಲು, ಎರಡೂ ಪ್ರತ್ಯೇಕ ಬಾಬುಗಳಾಗಿ ಆಯವ್ಯಯದಲ್ಲಿ ಕಾಣಬೇಕು. ಸ್ವಯಂಸೇವಕರು ಕಸ ಹೆಕ್ಕಲು, ಗಿಡಗಳನ್ನು ಎಣಿಸಲು, ಹಕ್ಕಿ ಗುರುತಿಸಲು ಬಹಳ ನೆರವಾಗುತ್ತಾರೆ. ದಂಡೆ ರಿಪೇರಿ, ಮರ ಕಡಿಯುವುದು, ಕೊಳಚೆಯ ಕೆಲಸ ಇವು ಸಂಬಳ, ಕೈಗವಸು, ವಿಮೆ ಇರುವ ಕಾರ್ಮಿಕರ ಕೆಲಸ.

ಪ್ರತಿ ನೆರೆಯ ನಂತರ ನೀರು ಮುಟ್ಟಿದ ಎತ್ತರವನ್ನು ಒಂದು ಕಂಬದ ಮೇಲೆ ಬಣ್ಣದಿಂದ ಗುರುತಿಸಿ ದಿನಾಂಕ ಬರೆಯಿರಿ, ಮತ್ತು ಏನು ಕೊಚ್ಚಿಹೋಯಿತು, ಏನು ನಿಂತಿತು, ಸರಿಪಡಿಸಲು ಎಷ್ಟು ದಿನ ಹಿಡಿಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ದಾಖಲಿಸಿ. ಒಂದೇ ಬೆಂಚು ಅಥವಾ ಒಂದೇ ದೀಪದ ಕಂಬ ಆ ಪುಸ್ತಕದಲ್ಲಿ ಎರಡನೆಯ ಸಲ ಕಾಣಿಸಿಕೊಂಡರೆ ಅದನ್ನು ಹಳೆಯ ಜಾಗದಲ್ಲೇ ಮತ್ತೆ ಕೂರಿಸದೆ, ಬಣ್ಣದ ಗೆರೆಗಿಂತ ಮೇಲಿನ ಮಟ್ಟಕ್ಕೆ ಒಯ್ಯಿರಿ.