ಹವಳದ ಪೊದೆಯಲ್ಲಿ ಏಡಿ ಎಣಿಸಿದ್ದು

ಲಕ್ಷದ್ವೀಪದ ಕಡ್ಮತ್‌ಗೆ ಹೊರಟಾಗ ಮನೆಯ ಭೂತಗನ್ನಡಿಯನ್ನೂ ಚೀಲಕ್ಕೆ ಹಾಕಿಕೊಂಡಿದ್ದೆ. (1956ರವರೆಗೆ ಕಡ್ಮತ್ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು, ಹಾಗಾಗಿ ಪರವೂರು ಎನ್ನಿಸಲಿಲ್ಲ.) ನೀರಿಗಿಳಿದ ಮೇಲೆ ಅದು ಬರೀ ಗಾಜಿನ ಬಿಲ್ಲೆಯಾಯಿತು. ಮುಳುಗಿದ ಮಸೂರಕ್ಕೆ ಅದರ ಶಕ್ತಿಯ ಸುಮಾರು ಕಾಲು ಭಾಗ ಮಾತ್ರ ಉಳಿಯುತ್ತದೆ. ಕೊನೆಗೆ ಕೈಹಿಡಿದದ್ದು ನೀರೊಳಗೆ ಬಳಸುವ ಸಣ್ಣ ಕ್ಯಾಮೆರಾ, ಒಂದು ಟಾರ್ಚ್, ಪೆನ್ಸಿಲ್ ಕಟ್ಟಿದ ಪ್ಲಾಸ್ಟಿಕ್ ಹಲಗೆ.

ನಾನು ಹುಡುಕುತ್ತಿದ್ದುದು ಟ್ರಪೀಜಿಯಾ ಏಡಿಯನ್ನು. ಹೆಬ್ಬೆರಳಿನ ಉಗುರಿನಷ್ಟು ಅಗಲ, ನುಣುಪಾದ ಚಿಪ್ಪು, ಮೈಯ ಅಳತೆ ಮೀರಿದ ಇಕ್ಕುಳದಂಥ ಮುಂಗಾಲು. ಹೂಕೋಸಿನಂತೆ ಒತ್ತಾಗಿ ಕವಲೊಡೆಯುವ ಪೊಸಿಲ್ಲೊಪೊರಾ ಹವಳದಲ್ಲಿ ಅದರ ವಾಸ. ಮೊದಲ ಎರಡು ದಿನ ಒಂದೂ ಕಾಣಲಿಲ್ಲ. ಟಾರ್ಚನ್ನು ನೆತ್ತಿಯಿಂದ ನೇರವಾಗಿ ಬಿಡುತ್ತಿದ್ದೆ. ಅವು ಬುಡಕ್ಕೆ ಸರಿದುಬಿಡುತ್ತಿದ್ದವು. ಮೂರನೆಯ ದಿನ ಪಕ್ಕದ ಮರಳಿನಲ್ಲಿ ಮಂಡಿಯೂರಿ, ಬೆಳಕನ್ನು ಅಡ್ಡದಿಂದ ಬಿಟ್ಟು, ಅಲುಗಾಡದೆ ಕಾದೆ. ಹತ್ತು ನಿಮಿಷಕ್ಕೆ ಮುಂಗಾಲೊಂದು ಇಣುಕಿತು. ಅದರ ಬೆನ್ನಿಗೆ ಇನ್ನೊಂದು ಏಡಿ. ಬೆಳೆದವು ಸಾಮಾನ್ಯವಾಗಿ ಗಂಡು ಹೆಣ್ಣು ಜೋಡಿಯಾಗಿರುತ್ತವೆ. ಅದೇ ಜಾತಿಯ ಮೂರನೆಯದು ಬಂದರೆ ಜಗಳವೇ.

ಒಳ್ಳೆಯ ನೋಟ ಸಿಕ್ಕಿದ್ದು ಮಾತ್ರ ನನ್ನ ತಪ್ಪಿನಿಂದ. ಎದ್ದು ತಿರುಗುವಾಗ ಕಾಲಿಗೆ ಕಟ್ಟಿದ ಈಜುರೆಕ್ಕೆ ಬೀಸಿ ಮರಳೆದ್ದು ಪೊದೆಯ ಮೇಲೆ ಕುಳಿತಿತು. ನಾಚಿಕೆಯಾಯಿತು. ಅಷ್ಟರಲ್ಲಿ ಜೋಡಿ ಹೊರಬಂದು ಕೆದಕಿ ಕೆದಕಿ ಮರಳನ್ನು ಕೆಳಕ್ಕೆ ತಳ್ಳತೊಡಗಿತು, ಮುಂಜಾನೆ ಅಂಗಳ ಗುಡಿಸುವವರ ನಿರಾಳದಲ್ಲಿ. ಫ್ರೆಂಚ್ ಪಾಲಿನೇಷ್ಯದ ಮೂರಿಯಾ ದ್ವೀಪದಲ್ಲಿ ಸಂಶೋಧಕರು ಏಡಿಗಳನ್ನು ತೆಗೆದು ನೋಡಿದ್ದಾರೆ; ಹವಳಗಳಲ್ಲಿ ದೊಡ್ಡ ಪಾಲು ತಿಂಗಳೊಳಗೆ ಸತ್ತುಹೋಯಿತು. ಹವಳ ತಿನ್ನುವ ಮುಳ್ಳಿನ ನಕ್ಷತ್ರಮೀನು ಹತ್ತಿದರೆ ಅದರ ಮೆತ್ತನೆಯ ಕಾಲುಗಳನ್ನು ಚಿವುಟಿ ಇಳಿಸುವುದೂ ಇವೇ. ಏಡಿಯ ಊಟವೋ, ಹವಳ ಸುರಿಸುವ ಲೋಳೆ.

ಎಲ್ಲ ಏಡಿಗಳೂ ಇಷ್ಟು ಉಪಕಾರಿಗಳಲ್ಲ. ಇನ್ನೊಂದು ಬಗೆಯ ಏಡಿಯ ಹೆಣ್ಣು ತನ್ನ ಸುತ್ತ ಹವಳವೇ ಗಂಟು ಕಟ್ಟುವಂತೆ ಮಾಡಿಕೊಂಡು ಅದರೊಳಗೇ ಬಾಳು ಕಳೆಯುತ್ತದೆ. ದಡಕ್ಕೆ ಬಿದ್ದ ಒಣ ತುಂಡಿನಲ್ಲಿ ಅಂಥದೊಂದು ಗಂಟು ನೋಡಿ, ಅಲ್ಲಿಯೇ ಬಿಟ್ಟು ಬಂದೆ. ಗಟ್ಟಿ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನೆನಪಿಗೆಂದು ಚೂರು ತರುವವರನ್ನು ಕಂಡರೆ ನನಗೆ ಸಿಟ್ಟು.

ಆ ವಾರ ಒಟ್ಟು 14 ಪೊದೆ ನೋಡಿದೆ. 11ರಲ್ಲಿ ಜೋಡಿ, ಎರಡರಲ್ಲಿ ಒಂಟಿ. ಕೊನೆಯದು ಸತ್ತು ಪಾಚಿ ಹಿಡಿದಿತ್ತು. ಆದರೂ ಅರ್ಧ ಗಂಟೆ ಕಾದೆ. ಹಲಗೆಯಲ್ಲಿ ಸೊನ್ನೆ ಬರೆದು ಮೇಲೆದ್ದೆ.