ಕೆಂಪು ಬೆಳಕಿದೆ, ಸದ್ದಿಲ್ಲ: ಕಂಪ್ಯೂಟರಿನ ಡಿಜಿಟಲ್ ಆಡಿಯೊ ಸರಿಪಡಿಸುವುದು ಹೇಗೆ?

ತಾಳಮದ್ದಳೆಯ ಧ್ವನಿಮುದ್ರಣ ಕೇಳೋಣವೆಂದು ಕಂಪ್ಯೂಟರನ್ನು ಆಪ್ಟಿಕಲ್, ಅಂದರೆ ಬೆಳಕಿನಲ್ಲಿ ಧ್ವನಿ ಸಾಗಿಸುವ, ವಯರಿನಲ್ಲಿ ಆಂಪ್ಲಿಫೈಯರಿಗೆ ಜೋಡಿಸಿದ್ದೀರಿ. ಪರದೆಯ ಮೇಲೆ ಪ್ಲೇಯರ್ ಓಡುತ್ತಿದೆ, ಭಾಗವತರ ಸ್ವರ ಮಾತ್ರ ಇಲ್ಲ. ಅನಲಾಗ್ ವಯರ್ ಕೆಟ್ಟರೆ ಕರಕರ ಸದ್ದು ಬರುತ್ತದೆ, ಇಲ್ಲವೇ ಒಂದು ಬದಿಯ ಸ್ಪೀಕರ್ ನಿಲ್ಲುತ್ತದೆ, ಏನಾದರೊಂದು ಸುಳಿವು ಸಿಗುತ್ತದೆ. ಡಿಜಿಟಲ್ ಹಾಗಲ್ಲ. ಬಂದರೆ ಪೂರ್ತಿ, ಇಲ್ಲದಿದ್ದರೆ ಹೆಚ್ಚಾಗಿ ಮೌನ. ವಾಲ್ಯೂಮ್ ತಿರುಗಿಸುತ್ತ ಕೂತು ಪ್ರಯೋಜನವಿಲ್ಲ. ಸಿಗ್ನಲ್ ಎಲ್ಲಿಯವರೆಗೆ ಬಂದಿದೆ ಎಂದು ಒಂದು ತುದಿಯಿಂದ ನೋಡುತ್ತ ಹೋಗಬೇಕು.

ಮೊದಲು ತೂತು ಸರಿಯೇ ನೋಡಿ. ಸೋನಿ ಮತ್ತು ಫಿಲಿಪ್ಸ್ ರೂಪಿಸಿದ ಎಸ್/ಪಿಡಿಐಎಫ್ ಎಂಬ ಡಿಜಿಟಲ್ ಆಡಿಯೊ ಸಂಪರ್ಕ ಎರಡು ರೂಪದಲ್ಲಿರುತ್ತದೆ: ಚೌಕ ಬಾಯಿಯ ಆಪ್ಟಿಕಲ್, ದುಂಡನೆಯ ಆರ್‌ಸಿಎ ಕೋಆಕ್ಸಿಯಲ್. ಮದರ್‌ಬೋರ್ಡಿನ ಹಿಂದಿರುವ ಕಿತ್ತಳೆ ಬಣ್ಣದ 3.5 ಮಿ.ಮೀ. ಜ್ಯಾಕ್ ಸಾಮಾನ್ಯವಾಗಿ ಡಿಜಿಟಲ್ ಅಲ್ಲ, ಸೆಂಟರ್ ಮತ್ತು ಸಬ್‌ವೂಫರಿನ ಅನಲಾಗ್ ಜ್ಯಾಕ್. ಕೋಆಕ್ಸಿಯಲ್ಲೂ ಕಿತ್ತಳೆ ಬಣ್ಣದ್ದೇ ಆದ್ದರಿಂದ ಇಲ್ಲಿ ಮೋಸಹೋಗುವುದು ಸುಲಭ. ಆಂಪ್ಲಿಫೈಯರ್ ಕಡೆ ಕೆಂಪು–ಬಿಳಿ ಆರ್‌ಸಿಎಗೆ ಕೋಆಕ್ಸಿಯಲ್ ಚುಚ್ಚಿದರೂ ನಡೆಯದು. ಡಿಜಿಟಲ್ ಇನ್ ಎಂದು ಬರೆದದ್ದೇ ಬೇಕು, ಮುಂಭಾಗದ ಗುಂಡಿಯಲ್ಲಿ ಅದೇ ಇನ್‌ಪುಟ್ ಆರಿಸಿರಬೇಕು.

ಇನ್ನು ವಯರ್. ಹೊಸ ಆಪ್ಟಿಕಲ್ ವಯರಿನ ಎರಡೂ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ಟೊಪ್ಪಿ ಇರುತ್ತದೆ. ಅದನ್ನು ತೆಗೆಯದೆ ಒತ್ತಿದರೆ ಪಿನ್ ಪೂರ್ತಿ ಒಳಗೆ ಹೋಗದು. ಸರಿಯಾಗಿ ಕೂತರೆ ಟಕ್ ಎನ್ನುತ್ತದೆ. ಆಂಪ್ಲಿಫೈಯರ್ ಕಡೆಯ ತುದಿಯನ್ನು ಕಳಚಿ ಅಂಗೈಗೆ ಹಿಡಿಯಿರಿ: ಮೂಗುತಿಯ ಹರಳಿನಷ್ಟು ಕೆಂಪು ಚುಕ್ಕೆ ಬಿದ್ದರೆ ಪೋರ್ಟ್ ಮತ್ತು ವಯರ್ ಜೀವಂತ. ಆದರೆ ಹಲವು ಬೋರ್ಡ್‌ಗಳಲ್ಲಿ ಏನೂ ನುಡಿಸದಿದ್ದರೂ ಈ ಬೆಳಕು ಉರಿಯುತ್ತಲೇ ಇರುತ್ತದೆ, ಹಾಗಾಗಿ ಹಾಡು ಹೊರಟಿದೆ ಎಂಬುದಕ್ಕೆ ಇದು ಸಾಕ್ಷಿಯಲ್ಲ. ಚುಕ್ಕೆ ಮಂಕಾಗಿದ್ದರೆ ವಯರ್ ಎಲ್ಲೋ ಮಡಿಚಿದೆ; ಮೇಜಿನ ಅಂಚಿನಲ್ಲಿ ಚೂಪಾಗಿ ಬಗ್ಗಿಸಬೇಡಿ, 5 ಮೀಟರಿಗಿಂತ ಉದ್ದದ್ದು ಬೇಡ. ಕೋಆಕ್ಸಿಯಲ್‌ಗೆ 75 ಓಮ್ ವಯರ್ ಬೇಕು. ಹಳೆ ಡಿವಿಡಿ ಪ್ಲೇಯರಿನ ಹಳದಿ ವಿಡಿಯೊ ವಯರ್ ಇದ್ದರೆ ಅದೇ ಸಾಕು, ದುಡ್ಡು ಹಾಕಬೇಡಿ. ಕುಂಬಳೆ, ಮಂಜೇಶ್ವರದಂಥ ಕಡಲ ಬದಿಯ ಊರುಗಳ ಉಪ್ಪುಗಾಳಿಗೆ ಪಿನ್ನಿನ ಮೇಲೆ ಕಿಲುಬು ಹತ್ತುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಒಣಗಿದ ಮೇಲೆ ಜೋಡಿಸಿ.

ಇಷ್ಟಾದರೂ ಸದ್ದಿಲ್ಲವೆಂದರೆ ಹೆಚ್ಚಿನ ಬಾರಿ ತಪ್ಪು ಸೆಟ್ಟಿಂಗಿನಲ್ಲಿದೆ. ವಿಂಡೋಸ್‌ನ ಮೋರ್ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ಪ್ಲೇಬ್ಯಾಕ್ ಪಟ್ಟಿ ತೆರೆಯಿರಿ. ರಿಯಲ್‌ಟೆಕ್ ಡಿಜಿಟಲ್ ಔಟ್‌ಪುಟ್ ಎಂಬುದನ್ನು ಡಿಫಾಲ್ಟ್ ಮಾಡಿ. ಕಾಣದಿದ್ದರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಶೋ ಡಿಸೇಬಲ್ಡ್ ಡಿವೈಸಸ್ ಆರಿಸಿ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದ ಮರುದಿನ ಸದ್ದು ಹೋಗಿದ್ದರೆ ಡಿಫಾಲ್ಟ್ ಎಚ್‌ಡಿಎಂಐ ಮಾನಿಟರಿಗೆ ಹಾರಿರುತ್ತದೆ. ಲಿನಕ್ಸ್‌ನಲ್ಲಿ ಟರ್ಮಿನಲ್‌ನಿಂದ ಆಲ್ಸಾಮಿಕ್ಸರ್ ಎಂಬ ಧ್ವನಿ ನಿಯಂತ್ರಕ ತೆರೆದು ಐಇಸಿ958 (ಎಸ್/ಪಿಡಿಐಎಫ್‌ಗೆ ಅಲ್ಲಿರುವ ಹೆಸರು) ಎಂಬ ಕಂಬದ ಕೆಳಗೆ ಎಂಎಂ ಇದೆಯೇ ನೋಡಿ. ಇದ್ದರೆ ಅದು ಮ್ಯೂಟ್. ಎಂ ಕೀ ಒತ್ತಿದರೆ ತೆರೆಯುತ್ತದೆ.

ಮುಂದಿನದು ಫಾರ್ಮ್ಯಾಟ್. ಡಿಜಿಟಲ್ ಔಟ್‌ಪುಟ್‌ನ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ 16 ಬಿಟ್, 48000 ಹರ್ಟ್ಸ್ ಕೊಡಿ. 192 ಕಿಲೋಹರ್ಟ್ಸ್ ಇಟ್ಟರೆ ಎಷ್ಟೋ ಆಂಪ್ಲಿಫೈಯರ್‌ಗಳು ಸುಮ್ಮನಾಗುತ್ತವೆ. ಸಿಡಿಯಿಂದ ತೆಗೆದ ಕಡತಗಳಷ್ಟೇ ಕೇಳುವವರಿಗೆ 44100 ಸರಿ. ಸಿನಿಮಾ ಹಾಕಿದಾಗ ಮಾತ್ರ ಭರ್ರೆಂಬ ಸದ್ದು ಬಂದರೆ, ಕಂಪ್ಯೂಟರ್ ಡಾಲ್ಬಿ ಅಥವಾ ಡಿಟಿಎಸ್ (ಹಲವು ಸ್ಪೀಕರಿನ ಧ್ವನಿಯನ್ನು ಒತ್ತಿ ಕಟ್ಟಿಡುವ ಬಗೆಗಳು) ಸಿಗ್ನಲನ್ನು ಬಿಡಿಸದೆ ಕಳಿಸುತ್ತಿದೆ, ಆ ಕಡೆಯ ಪೆಟ್ಟಿಗೆಗೆ ಅದು ತಿಳಿಯುತ್ತಿಲ್ಲ. ವಿಎಲ್‌ಸಿಯಲ್ಲಿ ಪಾಸ್‌ಥ್ರೂ ಆಫ್ ಮಾಡಿ. ಈ ವಯರಿನಲ್ಲಿ ಬಿಡಿಸಿದ ಧ್ವನಿ 2 ಚಾನೆಲ್ ಮಾತ್ರ ಹೋಗುತ್ತದೆ, 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಬೇಕೆಂದರೆ ಡಾಲ್ಬಿ ಅಥವಾ ಡಿಟಿಎಸ್ ಆಗಿಯೇ ಕಳಿಸಬೇಕು. ಗೇಮ್‌ಗಳಲ್ಲಿ ಹಿಂದಿನ ಸ್ಪೀಕರ್ ಮೂಕವಾಗಿರುವುದಕ್ಕೆ ಕಾರಣ ಇದೇ. ಗೇಮಿನ ಧ್ವನಿಯನ್ನು ಆಗಿಂದಾಗಲೇ ಹಾಗೆ ಕಟ್ಟಿ ಕಳಿಸುವ ಡಾಲ್ಬಿ ಡಿಜಿಟಲ್ ಲೈವ್ ಅಥವಾ ಡಿಟಿಎಸ್ ಕನೆಕ್ಟ್ ಸೌಲಭ್ಯವಿರುವ ಸೌಂಡ್ ಕಾರ್ಡ್ ಅಥವಾ ಮದರ್‌ಬೋರ್ಡ್ ಇಲ್ಲದೆ ಅದು ಸರಿಹೋಗದು.

ಪ್ರತಿ ಹಾಡಿನ ಮೊದಲ ಅಕ್ಷರ ನುಂಗಿಹೋಗುತ್ತಿದ್ದರೆ ಏನೋ ಕೆಟ್ಟಿದೆ ಎಂದಲ್ಲ. ಸಿಗ್ನಲ್ ನಿಂತೊಡನೆ ಆಂಪ್ಲಿಫೈಯರ್ ಹಿಡಿತ ಬಿಡುತ್ತದೆ, ಮತ್ತೆ ಹಿಡಿಯಲು ಅರೆಗಳಿಗೆ ಬೇಕು.

ಕಾಸರಗೋಡಿನ ಕಡೆ ಹಿಂಗಾರಿನ ಗುಡುಗುಮಳೆ ಶುರುವಾದರೆ ಕೋಆಕ್ಸಿಯಲ್ ವಯರನ್ನು ಕಳಚಿಡಿ. ಅದು ಲೋಹ, ಸಿಡಿಲಿನ ಕರೆಂಟನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ದಾಟಿಸಬಲ್ಲದು. ಆಪ್ಟಿಕಲ್‌ನಲ್ಲಿ ಆ ಭಯವಿಲ್ಲ, ಗೋಡೆಯ ಪ್ಲಗ್ ಮಾತ್ರ ಎರಡಕ್ಕೂ ತೆಗೆಯಬೇಕು. ಪೋರ್ಟ್ ಸತ್ತೇಹೋಗಿದ್ದರೆ ಇಡೀ ಮದರ್‌ಬೋರ್ಡ್ ಬದಲಿಸಬೇಕಿಲ್ಲ. ಆಪ್ಟಿಕಲ್ ಔಟ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಸಾಕು, ಪ್ಲೇಬ್ಯಾಕ್ ಪಟ್ಟಿಯಲ್ಲಿ ಅದನ್ನೂ ಡಿಫಾಲ್ಟ್ ಮಾಡಿದರೆ ಆಯಿತು.